ವನಜಳ ಕೆಂಪು ಚುಕ್ಕೆ

ವನಜಳ ಕೆಲಸ ಹಾಳಾಗಿದ್ದು ಅವಳು ಸತ್ತದ್ದರಿಂದಲ್ಲ. ಬದುಕಿದ್ದಾಗಲೇ ನಾವು ಹಾಳು ಮಾಡಿದ್ದೆವು. ಮೊದಲು ಬಾಗಿಲು ಹಾಕಿದವಳು ನಾನು.

ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ದನ ಮೇಯುವ ಕಾವಲಿನ ಆಚೆ ಎದ್ದ ಸಂಶೋಧನಾ ಕೇಂದ್ರವೊಂದರಲ್ಲಿ ನೀರು ಪರೀಕ್ಷೆ ಮಾಡುವುದು ಅವಳ ಕೆಲಸ. ಸ್ಕೂಟರಿನಲ್ಲಿ ಬಂದು ನಮ್ಮ ಅಂಗಳದ ಕೊಳವೆಬಾವಿಯ ಮುಂದೆ ಕೂತಳೆಂದರೆ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ಚೆಲ್ಲಿ, ನಾಲ್ಕನೆಯ ಸಲ ತುಂಬುವಳು.

"ನೀರು ದಂಡ ಮಾಡ್ತೀಯಲ್ಲೇ" ಎಂದರೆ, "ಬ್ಯಾರೆ ಊರಿನ ಹನಿ ಸೇರಿದ್ರೆ ನಿಮ್ಮೂರಿಗೆ ಸುಳ್ಳು ಹೇಳ್ದಂಗೆ ಆಗ್ತೈತವ್ವ" ಅನ್ನುವಳು.

ನಮ್ಮ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲು, ಮುದುಕರ ಮಂಡಿ ಕೆಡುವುದು ಅದರಿಂದಲೇ ಎಂದು ಹೇಳಿದಳು. ಆಮೇಲೆ ಒಂದು ವೆಬ್‌ಸೈಟ್ ಮಾಡಿದಳು. ಮೊಬೈಲಿನಲ್ಲಿ ಸುತ್ತಲ ಊರುಗಳ ನಕ್ಷೆ. ಕುಡಿಯುವ ನೀರಿದ್ದಲ್ಲಿ ಹಸಿರು ಚುಕ್ಕೆ, ಕುಡಿಯಬಾರದ ಕಡೆ ಕೆಂಪು.

"ದೊಡ್ಡೋರು ಓದೋ ಪುಸ್ತಕದಾಗೆ ಬರೆದ್ರೆ ಸಾಲ್ದೇನೆ?" ಎಂದೆ.

"ಬರೆದೀನವ್ವ. ಅದನ್ನ ಓದೋರು ಈ ನೀರು ಕುಡಿಯಲ್ಲ. ಈ ನೀರು ಕುಡಿಯೋರು ಅದನ್ನ ಓದಲ್ಲ."

ನನ್ನ ಮೊಮ್ಮಗಳು ಗಂಗೆಯನ್ನು ನೋಡಲು ಚಳ್ಳಕೆರೆಯಿಂದ ಬಂದ ಹುಡುಗನ ತಾಯಿ, ಮೊಬೈಲ್ ತೆಗೆದು ನಮ್ಮ ಬಾವಿಯ ಚುಕ್ಕೆ ನೋಡಿದಳು. ಹುಡುಗಿಗೆ ಬಾಯಿ ತೆರೆದು ಹಲ್ಲು ತೋರಿಸೆಂದಳು. ಸಂಬಂಧ ಮುರಿಯಿತು.

ಮುಂದಿನ ಸಲ ವನಜ ಬಂದಾಗ ಗೇಟಿಗೆ ಅಡ್ಡ ನಿಂತೆ. "ನಮ್ಮ ಚುಕ್ಕೆ ಅಳಿಸೇ."

"ನೀರು ಸರಿಯಾದ ದಿನ ನಾನೇ ಅಳಿಸ್ತೀನವ್ವ."

"ಹಂಗಾರೆ ಈ ಕಡೆ ತಲೆ ಹಾಕಬ್ಯಾಡ."

ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ನನ್ನನ್ನು ನೋಡಿ ಊರಿನ ಉಳಿದವರೂ ಬಾಗಿಲು ಹಾಕಿದರು.

ಹೋದ ಬೇಸಿಗೆಯಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣಿಗೆ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ನೋಡಿಕೊಳ್ಳುವವರಿಲ್ಲದೆ ವೆಬ್‌ಸೈಟೂ ನಿಂತುಹೋಯಿತು. ಒಂದು ಸಂಜೆ ಪಕ್ಕದ ಮನೆಯ ರತ್ನ ಕೊಡ ಹಿಡಿದು ನಗುತ್ತಾ ಬಂದಳು.

"ಚುಕ್ಕೆ ಹೋತು ಕಣಜ್ಜಿ! ಇನ್ನ ದೂರದಿಂದ ಫಿಲ್ಟರ್ ನೀರಿನ ಕ್ಯಾನು ಹೊರೋ ಕಾಟ ತಪ್ತು. ಮಗೀಗೂ ಇದನ್ನೇ ಕುಡಿಸ್ತೀನಿ."

"ಚುಕ್ಕೆ ಹೋಗೈತೆ. ನೀರು ಅದೇ ಐತಲ್ಲೇ, ಮುಕ್ಕಿ!" ಎಂದೆ.

ಅವಳು ತುಂಬಿಕೊಂಡೇ ಹೋದಳು.

ಮರುದಿನ ಗಂಗೆಯನ್ನು ನೋಡಲು ಹೊಸಬರು ಬರುವವರಿದ್ದರು. ಬೆಳಿಗ್ಗೆ ಎದ್ದವಳೇ ಕೆಮ್ಮಣ್ಣು ಕಲಸಿ, ಬೀದಿಗೆ ಕಾಣುವಂತೆ ನಮ್ಮ ನೀರಿನ ತೊಟ್ಟಿಗೆ ತಟ್ಟೆಯಗಲದ ಕೆಂಪು ಚುಕ್ಕೆ ಬಳಿದೆ.