ಚೇಳಿನ ಹಚ್ಚೆಯ ತೋಳು ಹೊತ್ತು ಅಕ್ಕನ ಊರಿಗೆ

ದಸರಾ ರಜೆಯ ಮೊದಲ ಶನಿವಾರ ಬೆಳಿಗ್ಗೆ ಕೊರಟಗೆರೆಯಿಂದ ಪಾವಗಡದ ಕಡೆಗೆ ಹೊರಟೆ. ಕೈಯಲ್ಲಿ ಆಸ್ಪತ್ರೆಗೆ ಬೇಕಾದ ಬಟ್ಟೆಯ ಬ್ಯಾಗು, ಅಕ್ಕನಿಗೆಂದು ಒಂದು ಚಿಪ್ಪು ಬಾಳೆಹಣ್ಣು. ಸೆಕೆ ಎಷ್ಟೇ ಇರಲಿ, ನನ್ನ ರವಿಕೆಯ ತೋಳು ಮಾತ್ರ ಮೊಣಕೈ ದಾಟಲೇಬೇಕು. ಅದರ ಕಥೆ ಹೇಳಿಬಿಡುತ್ತೇನೆ, ಆಮೇಲೆ ಬಸ್ಸು ಹತ್ತೋಣ.

ನಾನು ಪ್ರೈಮರಿ ಶಾಲೆಯ ಮೇಡಂ. ಎರಡು ವರ್ಷದ ಹಿಂದೆ ನನ್ನ ತೂಕ ನೂರಿಪ್ಪತ್ತು ಕೆಜಿ. ಮೊಣಕಾಲು ಕೈಕೊಟ್ಟಿತು, ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಚೆನ್ನಾಗಿ ಬೈದರು. ಹಟ ಹಿಡಿದು ಅರ್ಧದಷ್ಟು ಇಳಿಸಿದೆ. ಮೈ ಇಳಿಯಿತು, ಚರ್ಮ ಮಾತ್ರ ಇಳಿಯಲಿಲ್ಲ. ಹೊಟ್ಟೆಯ ಮುಂದೆ, ರಟ್ಟೆಯ ಕೆಳಗೆ ಯಾರದೋ ದೊಗಲೆ ಅಂಗಿಯಂತೆ ಜೋತುಬಿತ್ತು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಮಕ್ಕಳು ಅಕ್ಷರ ಬಿಟ್ಟು ನನ್ನ ತೋಳು ನೋಡುತ್ತವೆ. ಅದಾದರೂ ಹೋಗಲಿ, ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗಿ, ಉರಿ ತಡೆಯಲಾಗುವುದಿಲ್ಲ. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಈ ಚರ್ಮ ಕತ್ತರಿಸಿ ಹೊಲಿಯುತ್ತಾರೆ. ಮೊದಲು ತೋಳು, ಮುಂದೆ ಹೊಟ್ಟೆ. ಭಾನುವಾರ ಸಂಜೆ ಸೇರಬೇಕು, ಜೊತೆಗೆ ಮನೆಯವರೊಬ್ಬರು ಇರಲೇಬೇಕು.

ಮನೆಯವರು ಅಂದರೆ ನನಗೆ ಯಾರು? ಮದುವೆಯಾಗಲಿಲ್ಲ, ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಹೋದವರೇ. ಅಪ್ಪ ಅವ್ವ ಇಲ್ಲ. ಇರುವವಳು ಅಕ್ಕ ಕರಿಯಮ್ಮ ಒಬ್ಬಳೇ. ಫೋನಿನಲ್ಲಿ ಕೇಳಿದ್ದಕ್ಕೆ, "ಆ ಹಚ್ಚೆ ಕುಯ್ಯಿಸ್ತೀಯಾ? ನಾ ಬರಾಕಿಲ್ಲ" ಎಂದು ಇಟ್ಟುಬಿಟ್ಟಳು. ನನ್ನ ಎಡ ರಟ್ಟೆಯ ಒಳಬದಿಯಲ್ಲಿ ಒಂದು ಚೇಳಿನ ಹಚ್ಚೆ ಇದೆ. ಚಿಕ್ಕವಳಿದ್ದಾಗ ಅವ್ವ ಶಿರಾ ಸಂತೆಗೆ ಕರೆದುಕೊಂಡು ಹೋಗಿ, ಕೈಕಾಲು ಒತ್ತಿ ಹಿಡಿದು ಹಾಕಿಸಿದ್ದು. ನಾನು ದಪ್ಪಗಾದಂತೆ ಅದೂ ಉಬ್ಬಿ ಏಡಿಯಾಯಿತು. ಈಗ ಒಣಮೆಣಸಿನಕಾಯಿಯಂತೆ ಸುರುಟಿಕೊಂಡಿದೆ. ಕತ್ತರಿಸುವ ಚರ್ಮದಲ್ಲಿ ಅದೂ ಹೋಗುತ್ತದೆ ಎಂದು ಡಾಕ್ಟರು ಗೆರೆ ಎಳೆದು ತೋರಿಸಿದ್ದರು. ಫೋನಿನಲ್ಲಿ ಅಕ್ಕ ಏನಾದರೂ ಅನ್ನಲಿ, ಎದುರಿಗೆ ಕೂತು ಕೇಳಿದರೆ ಬರುತ್ತಾಳೆ ಎಂಬ ಆಸೆಯಿಂದಲೇ ಹೊರಟಿದ್ದೆ.

ಮಧುಗಿರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ನನಗೆ ಅಷ್ಟು ಸಲೀಸಾಗಿ ಸಾಕಾಗಲಿಲ್ಲ. ಕಂಡಕ್ಟರು ಕಾರ್ಡು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

"ಇದು ಯಾರ್ದಮ್ಮ? ನಿಮ್ಮಕ್ಕಂದಾ?"

"ನಂದೇ ಕಣಪ್ಪ. ಮೂಗಾದ್ರೂ ನೋಡು."

"ಕೊಡಪ್ಪ, ಪಾಪ. ಕಾಯ್ಲೆ ಬಿದ್ದು ಎದ್ದವ್ರೆ," ಎಂದು ಹಿಂದಿನ ಸೀಟಿನ ಮುದುಕಿಯೊಬ್ಬಳು ಶಿಫಾರಸು ಮಾಡಿದಳು. ಟಿಕೆಟ್ ಸಿಕ್ಕಿತು. ಕಾಯಿಲೆಯಲ್ಲಮ್ಮ, ಕಷ್ಟಪಟ್ಟು ಇಳಿಸಿದ್ದು ಅನ್ನಬೇಕೆನಿಸಿತು. ಅಂದರೂ ಯಾರು ನಂಬುತ್ತಾರೆಂದು ಸುಮ್ಮನಾದೆ.

ಮಧುಗಿರಿಯಲ್ಲಿ ಬೆಟ್ಟದ ಬಂಡೆಗೆ ಆಗಲೇ ಬಿಸಿಲು ಹತ್ತಿತ್ತು. ಎರಡು ಇಡ್ಲಿ ತಿಂದು ಪಾವಗಡದ ಬಸ್ಸು ಹಿಡಿದೆ. ದಾರಿಯ ಎರಡೂ ಬದಿಯ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರು. ಅಕ್ಕ ತಂಗಿಯರಂತೆ ಕಾಣುವ ಇಬ್ಬರು ಒಂದೇ ಗುಡ್ಡೆಯ ಮುಂದೆ ಕೂತು ಕಾಯಿ ಬಿಡಿಸುತ್ತ ಏನೋ ನಗುತ್ತಿದ್ದರು. ಬಸ್ಸು ಮುಂದೆ ಹೋದರೂ ಕತ್ತು ತಿರುಗಿಸಿ ನೋಡುತ್ತಿದ್ದೆ. ನನ್ನ ಜೊತೆ ಹಾಗೆ ಕೂತು ನಗುವವರಿಲ್ಲದೆ ಎಷ್ಟು ಕಾಲವಾಯಿತೋ ಏನೋ, ಹೊಟ್ಟೆಕಿಚ್ಚಾಯಿತು.

ಪಾವಗಡದಲ್ಲಿ ಇಳಿದರೆ ಅಂಗಡಿಯವರ ಮಾತಿನಲ್ಲಿ ಅರ್ಧ ತೆಲುಗು. ಮೂವತ್ತು ರೂಪಾಯಿ ಕೊಟ್ಟು ಶೇರ್ ಆಟೋದಲ್ಲಿ ಅಕ್ಕನ ಊರು ತಲುಪಿದಾಗ ಮಧ್ಯಾಹ್ನ. ಅಕ್ಕ ಕುರಿಹಟ್ಟಿಯ ಮುಂದೆ ಸೊಪ್ಪು ಹಾಕುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, ಯಾರೋ ಹೊರಗಿನವಳೆಂದು ತೆಲುಗಿನಲ್ಲೇ ಕೇಳಿದಳು:

"ಎವುರಮ್ಮಾ?"

ತೂಕ ಇಳಿದ ಮೇಲೆ ಅವಳು ನನ್ನನ್ನು ನೋಡಿರಲಿಲ್ಲ. "ನಾನು ಕಣಕ್ಕ, ಜಯ," ಎಂದೆ.

"ಅಯ್ಯೋ ನಮ್ಮವ್ವ! ಹೆಂಗಾಗ್ಬುಟ್ಟಿದ್ದೀಯೇ!" ಸೊಪ್ಪು ಬಿಸಾಡಿ ಬಂದು ಕೆನ್ನೆ ಸವರಿ ಗೊಳೋ ಎಂದು ಅತ್ತಳು. ಬಾವ ಚೊಂಬಿನಲ್ಲಿ ನೀರು ತಂದುಕೊಟ್ಟು, "ಒಳ್ಳೇದಾತು ಬುಡು, ಈಗ ಆಟೋದಾಗೆ ಇನ್ನೊಬ್ರು ಕೂರ್ಬೋದು," ಅಂದರು. ಅಳುವಿನ ನಡುವೆಯೇ ಅಕ್ಕ ಅವರನ್ನು ಗದರಿದಳು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ನಾನು ಅರ್ಧ ಮುದ್ದೆಗೇ ಕೈ ತೊಳೆದದ್ದಕ್ಕೆ ಅಕ್ಕ ಮುಖ ಸಣ್ಣ ಮಾಡಿಕೊಂಡಳು. ಅದೇ ಹೊತ್ತಿನಲ್ಲಿ ಕೇಳಿದೆ: "ಆಸ್ಪತ್ರೆಗೆ ಬಾರಕ್ಕ. ನೀನು ಪಕ್ಕದಲ್ಲಿ ಕೂತಿದ್ರೆ ಸಾಕು."

"ಅವ್ವ ಸಾಯಾಗ ಏನಂದ್ಲು, ಮರ್ತ್ಯಾ?" ಅಕ್ಕನ ದನಿ ಗಡುಸಾಯಿತು. "ಸತ್ರೆ ಒಡವೆ ಎಲ್ಲಾ ಇಲ್ಲೇ ಬಿಚ್ಕಂತಾರೆ, ಹಚ್ಚೆ ಒಂದೇ ಜೊತೇಲಿ ಬರಾದು. ಅಲ್ಲಿ ಅದ್ನ ನೋಡಿ ಗುರ್ತು ಹಿಡೀತೀನಿ ಅಂದ್ಲು. ಇವತ್ತು ನಿನ್ ಮಕ ನೋಡಿ ನಾನೇ ಎವುರಮ್ಮಾ ಅಂದೆ. ಆ ಚೇಳೂ ಇಲ್ದಿದ್ರೆ ಅವ್ವ ನಿನ್ನ ಹೆಂಗೇ ಹಿಡೀತಾಳೆ?"

ನಾನು ಮಕ್ಕಳಿಗೆ ವಿಜ್ಞಾನದ ಪಾಠ ಮಾಡುವವಳು, ನಿಜ. ಆದರೂ ಅವ್ವ ನನ್ನನ್ನು ಗುರುತಿಸಬೇಕು ಎಂಬ ಆಸೆ ನನಗೂ ಇತ್ತಲ್ಲ.

ಸಂಜೆ ಅಕ್ಕ ಹಂಡೆಗೆ ಉರಿ ಹಾಕಿದಳು. ನಮ್ಮಲ್ಲಿ ತವರಿಗೆ ಬಂದ ಹೆಣ್ಣಿಗೆ ಎಣ್ಣೆ ನೀರು ಹಾಕದೆ ಕಳಿಸುವುದಿಲ್ಲ. ಅವ್ವ ಹೋದ ಮೇಲೆ ನನಗೆ ಇದೇ ತವರು. ಬೇಡವೆಂದು ಕೊಸರಾಡಿದೆ. "ಅಕ್ಕನ ಮುಂದೆ ಎಂಥಾ ನಾಚ್ಕೆಯೇ?" ಎಂದು ಬಚ್ಚಲಿಗೆ ಎಳೆದುಕೊಂಡು ಹೋಗಿ ಕೂರಿಸಿಯೇಬಿಟ್ಟಳು. ಬೆನ್ನು ಉಜ್ಜುತ್ತ ಮುಂದೆ ಬಂದ ಕೈ ಹೊಟ್ಟೆಯ ಮಡಿಕೆಗೆ ತಾಗಿ ನಿಂತಿತು. ಮೆಲ್ಲಗೆ ಎತ್ತಿ ನೋಡಿದಳು. ಒಳಗೆಲ್ಲ ಕೆಂಪು, ರಸಿಗೆ.

"ಇದ್ಯಾಕೇ ನಂಗೆ ಹೇಳ್ಲಿಲ್ಲ?"

"ಹೇಳಾಕೆ ಬಿಟ್ಯಾ ನೀನು?"

ಅಕ್ಕ ಸೀಗೆಪುಡಿ ಪಕ್ಕಕ್ಕಿಟ್ಟು, ಬರಿಗೈಯಲ್ಲಿ ಕೂಸಿಗೆ ತೊಳೆಯುವ ಹಾಗೆ ತೊಳೆದಳು. ಡಾಕ್ಟರನ್ನು ಬಿಟ್ಟರೆ ಈ ಮೈಯನ್ನು ಎಷ್ಟೋ ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ನನಗೆ ಅಳು ಬಂತು. ಮುಖಕ್ಕೆ ನೀರು ಬೀಳುತ್ತಿದ್ದುದರಿಂದ ಅದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವಳು ತೋಳಿನ ಚರ್ಮವನ್ನು ಅಂಗೈ ಮೇಲೆ ಹರಡಿ ಚೇಳನ್ನು ನೋಡಿದಳು.

"ನಾ ಬತ್ತೀನಿ," ಅಂದಳು. "ಆದ್ರೆ ಕುಯ್ದಿದ್ನ ನಮಗೇ ಕೊಡ್ಬೇಕು. ನಮ್ಮೂರು ತಾವರೆಕೆರೆ ತಾವ ಅವ್ವನ ಸಮಾಧಿ ಗುಡ್ಡೆ ಮಗ್ಗುಲಾಗೆ ಮಣ್ ಮಾಡಾನ. ಅವ್ವ ಮದ್ಲೇ ನೋಡ್ಕಂಡಿರ್ತಾಳೆ."

ಅದನ್ನು ನಾನು ಆಗಲೇ ಡಾಕ್ಟರ ಹತ್ತಿರ ಕೇಳಿದ್ದೆ. ಕೊಡುವುದಿಲ್ಲ, ಸುಡಲು ಕಳಿಸುತ್ತೇವೆ ಎಂದಿದ್ದರು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅಕ್ಕ ಬರುತ್ತೇನೆ ಅಂದಿದ್ದಳಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ಚೇಳನ್ನು ತರಲೆಂದು ಒಂದು ಸ್ಟೀಲ್ ಡಬ್ಬಿಗೆ ಉಪ್ಪು, ಅರಿಸಿನ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ಕುರಿಗಳ ಮಾತು, ಬಾವನ ಮಾತು. ನಾನು ಹೂಂ ಅನ್ನುತ್ತಿದ್ದೆ. ಅವಳ ಕೈ ಆ ಮುಚ್ಚಳ ಸವರಿದಾಗಲೆಲ್ಲ ಕಿಟಕಿಯ ಕಡೆ ತಿರುಗುತ್ತಿದ್ದೆ. ಮಧುಗಿರಿಯಲ್ಲಿ ಇಳಿದು ತುಮಕೂರಿನ ಬಸ್ಸಿಗೆ ನಿಂತಾಗ ತಡೆಯಲಾಗದೆ ಹೇಳಿಬಿಟ್ಟೆ.

"ಅಕ್ಕ, ಅವ್ರು ಕೊಡಲ್ಲ. ಸುಟ್ಟಾಕ್ತಾರೆ. ನಂಗೆ ನಿನ್ನೇನೇ ಗೊತ್ತಿತ್ತು. ನೀನು ಬರಲ್ವೇನೋ ಅಂತ ಹೇಳ್ಲಿಲ್ಲ."

ಅಕ್ಕ ಡಬ್ಬಿ ನೋಡಿದಳು. ಎದುರಿಗೇ ಪಾವಗಡಕ್ಕೆ ಹೊರಡುವ ಬಸ್ಸು ಹಾರ್ನ್ ಹಾಕುತ್ತಿತ್ತು. ಅವಳು ಅದನ್ನೂ ನೋಡಿದಳು. ಹೋದರೆ ತಡೆಯುವ ಮುಖ ನನಗಿರಲಿಲ್ಲ. ಆ ಬಸ್ಸು ಹೊರಟುಹೋಯಿತು. ಅಕ್ಕ ಮೂಗು ಒರೆಸಿಕೊಂಡಳು.

"ನಾನು ದೊಡ್ಡೋಳು. ಮುಂಚೆ ಹೋಗಾಳು ನಾನೇ ತಾನೇ? ಹೋಗಿ ಅವ್ವನ್ ತಾವ ನಿಂತ್ಕಂಡಿರ್ತೀನಿ. ನೀ ಬಂದಾಗ ನಾನೇ ಹೇಳ್ತೀನಿ ಬುಡು, ಇವ್ಳು ನಮ್ ಜಯಿ ಅಂತ."

ಅಷ್ಟರಲ್ಲಿ ತುಮಕೂರಿನ ಬಸ್ಸು ಬಂತು. ಜನ ನುಗ್ಗಿದರು. ಅಕ್ಕ ಎಲ್ಲರನ್ನೂ ತಳ್ಳಿಕೊಂಡು ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಡಬ್ಬಿ ಇಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಜಯೀ, ಇಲ್ಲಿದ್ದೀನಿ ಕಣೇ, ಬಾ!"