ಫೋಟೋದ ಹಣೆಗೆ ಇಟ್ಟ ಸಿಂಧೂರ

ಅಂಜನಾದ್ರಿಯ ಹನುಮಪ್ಪನನ್ನು ನಂಬಿ ನಡೆಯುವ ನನ್ನಂಥ ಎಲ್ಲರಿಗೂ ಕೈಮುಗಿದು ಬರೆಯುತ್ತಿದ್ದೇನೆ. ಆತನಿಗೆ ಪೂಜೆ ಮಾಡಲು ಹೋಗಿ ನಾನು ಮಗಳ ಪಾಸ್‌ಪೋರ್ಟ್ ಕೆಡಿಸಿದೆ. ಆ ಕೆಟ್ಟದ್ದರಿಂದ ನಮ್ಮ ಮನೆಯಲ್ಲಿ ಏನು ಉಳಿಯಿತು ಎಂಬುದನ್ನು ಹೇಳದೆ ಇದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನನ್ನ ಹೆಸರು ಹನುಮವ್ವ. ತವರು ಹನುಮನಹಳ್ಳಿ. ನಮ್ಮಪ್ಪ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ನಾನು ನೆಲದ ಮೇಲೆ ನೆಟ್ಟಗೆ ನಡೆಯುವ ಮೊದಲೇ ಈಜು ಕಲಿತೆ ಎಂದು ನಮ್ಮವ್ವ ಹೇಳುತ್ತಿದ್ದಳು. ಈಗ ಗಂಗಾವತಿಯಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತೇನೆ. ನಮ್ಮ ಮನೆಯವರು ಕುಷ್ಟಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರು, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಒಬ್ಬಳೇ ಮಗಳು ದೀಪಾ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಎತ್ತರದ ಹುಡುಗಿ, ಕಡ್ಡಿಯಂಥ ಮೈ. ನನ್ನ ರೊಟ್ಟಿ ಊರಿಗೆಲ್ಲ ಹತ್ತಿತು, ಅವಳೊಬ್ಬಳಿಗೆ ಹತ್ತಲಿಲ್ಲ.

ದೀಪಾಳಿಗೆ ಒಂದೇ ಹುಚ್ಚು, ಸಮುದ್ರದ ತಳ ನೋಡಬೇಕು. ಹವಳದ ದಿಬ್ಬಗಳ ಪಾಠವನ್ನು ಕಣ್ಣಿಗೆ ಕಟ್ಟುವಂತೆ ಮಾಡುತ್ತಾಳಂತೆ, ಆದರೆ ಆಕೆ ಸಮುದ್ರದ ದಂಡೆಯನ್ನೂ ಕಂಡವಳಲ್ಲ. ಊಟಕ್ಕೆ ಕೂತಾಗಲೂ ಫೋನಿನಲ್ಲಿ ಅದೇ ಹುಡುಕಾಟ. ಯಾವ ತಿಂಗಳು ವಿಮಾನ ಅಗ್ಗ, ಎಲ್ಲಿ ಬಾಡಿಗೆ ಕೋಣೆಯ ಬದಲು ಬರೀ ಒಂದು ಮಂಚ ಸಿಗುತ್ತದೆ, ಎಲ್ಲಿ ರಾತ್ರಿ ಬಸ್ಸಿನಲ್ಲೇ ಮಲಗಿ ಬಾಡಿಗೆ ಉಳಿಸಬಹುದು. ನಮಗೆ ಸುಗ್ಗಿ ಇರುವಾಗ ಮಲೇಷ್ಯಾದ ಪೂರ್ವ ದಂಡೆಯಲ್ಲಿ ಮಳೆಯಂತೆ, ಸಮುದ್ರ ಮುಚ್ಚಿರುತ್ತದಂತೆ. ಅದಕ್ಕೆ ಬೇಸಿಗೆ ರಜೆಯೇ ಸರಿ ಎಂದಳು. ಅಲ್ಲಿನ ಒಂದು ಸಣ್ಣ ದ್ವೀಪದಲ್ಲಿ ಡೈವಿಂಗ್ ಕಲಿಯುವುದು, ಆಮೇಲೆ ಸುಮಾತ್ರಾ ಕಾಡಿಗೆ ಹೋಗಿ ಒರಾಂಗುಟಾನ್ ಎಂಬ ದೊಡ್ಡ ಮಂಗ ನೋಡುವುದು.

ಅವರಪ್ಪ ಒಂದೇ ಮಾತು ಹೇಳಿದರು. "ಒಬ್ಬಾಕಿನ್ನ ಕಳಸೂದಿಲ್ಲ. ನಿಮ್ಮವ್ವ ಜೋಡಿ ಬಂದ್ರ ಹೋಗು."

"ಅವ್ವ ಬಂದ್ರ ಖರ್ಚು ಎರಡಪಟ್ಟು ಆಗತೈತಿ," ಎಂದಳು ಮಗಳು.

"ಅವ್ವ ಬಂದ್ರ ಊಟದ ಖರ್ಚು ಇಲ್ಲ," ಎಂದೆ ನಾನು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡರೆ ಭೂಮಿಯ ಆ ತುದಿಗೂ ಹೋಗಿ ಬರಬಹುದು. ಮೇಲೆ ಹೀಗೆ ನಗಾಡಿದರೂ ಒಳಗೊಳಗೆ ನನಗೆ ಹೆದರಿಕೆ ಇತ್ತು. ಹೊಳೆಯ ನೀರು ಕಂಡವಳು ನಾನು. ಮೇಲೆ ಈಜುವುದು ಬೇರೆ, ಕೆಳಗೆ ಇಳಿದು ಉಸಿರಾಡುತ್ತೇನೆ ಎನ್ನುವುದು ಬೇರೆ.

ಪಾಸ್‌ಪೋರ್ಟ್ ಬಂದವು. ನಮ್ಮ ಕಡೆ ಹೊಸದು ಏನು ಬಂದರೂ ಮೊದಲು ದೇವರಿಗೆ. ಸೈಕಲ್ ಇರಲಿ, ಹೊಲಿಗೆ ಮಷೀನ್ ಇರಲಿ, ಖಾನಾವಳಿಯ ಮಿಕ್ಸರ್ ಇರಲಿ, ಕುಂಕುಮ ಹತ್ತದೆ ಕೆಲಸಕ್ಕೆ ಇಳಿಯುವುದಿಲ್ಲ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಬಂದ ಶನಿವಾರ ಎರಡೂ ಪಾಸ್‌ಪೋರ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಜನಾದ್ರಿ ಗುಡ್ಡ ಹತ್ತಿದೆ. ಹನುಮಪ್ಪನ ಮುಂದೆ ನಿಂತು ಬೇಡಿಕೊಂಡೆ: "ನೀ ಸಮುದ್ರ ದಾಟಿದಾಂವ. ನನ್ನ ಮಗಳನ್ನೂ ದಾಟಿಸು, ಹಂಗ ಹೊಳ್ಳಿ ಮನಿಗೆ ಮುಟ್ಟಿಸು." ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ದೇವರಿಗೆ ಮುಖ ಕಾಣಬೇಕಲ್ಲ ಎಂದು ಅವಳ ಪಾಸ್‌ಪೋರ್ಟ್ ಬಿಚ್ಚಿ ಫೋಟೋ ಇರುವ ಹಾಳೆ ಮೇಲೆ ಮಾಡಿದೆ. ತಟ್ಟೆಯಲ್ಲಿದ್ದ ಎಣ್ಣೆ ಸಿಂಧೂರವನ್ನು ಬೆರಳಿಗೆ ತಗೊಂಡು ಫೋಟೋದಲ್ಲಿದ್ದ ಅವಳ ಹಣೆಗೆ ಇಟ್ಟೆ.

ಮನೆಗೆ ಬಂದು ನೋಡಿದರೆ ಸಿಂಧೂರ ಹಣೆಯಿಂದ ಇಳಿದು ಮೂಗು, ಬಾಯಿ ದಾಟಿ ಕೆಳಗಿನ ಅಕ್ಷರಗಳವರೆಗೆ ಹರಡಿತ್ತು. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಎಣ್ಣೆಜಿಡ್ಡು ತೆಗೆಯುವುದರಲ್ಲಿ ಗಂಗಾವತಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ. ಭಾಂಡೆ ತಿಕ್ಕುವ ತಂತಿನಾರು ತಗೊಂಡೆ, ಸೋಪಿನ ನೀರು ಹಚ್ಚಿದೆ, ತಿಕ್ಕಿದೆ. ಸಿಂಧೂರ ಹೋಯಿತು. ಅದರ ಜೊತೆ ಮಗಳ ಕಣ್ಣು, ಮೂಗೂ ಹೋದವು.

ದೀಪಾ ಬಂದು ನೋಡಿದಳು. ಬೈಯಲಿಲ್ಲ. "ಇದರಾಗ ಇರಾಕಿ ಯಾರವ್ವಾ?" ಎಂದಳು.

ಟಿಕೆಟ್ ಮಾಡಿಕೊಟ್ಟಿದ್ದ ಹುಡುಗನ ಅಂಗಡಿಗೆ ಓಡಿದೆವು. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದ. "ಇದನ್ನ ತಗೊಂಡು ಹೋದ್ರ ವಿಮಾನ ಹತ್ತಸೂದಿಲ್ರಿ ಅಕ್ಕಾರ. ಹೊಸಾದು ಮಾಡಸ್ರಿ." ಹೊರಡುವ ದಿನ ಹತ್ತಿರ ಬಂದಿತ್ತು. ಅಗ್ಗದ ಟಿಕೆಟ್ಟು, ದಿನ ಬದಲಾಯಿಸಲು ಬರುವಂತಿರಲಿಲ್ಲ. ಹೊಸ ಪಾಸ್‌ಪೋರ್ಟ್ ಬರುವ ಹೊತ್ತಿಗೆ ರಜೆ ಮುಗಿಯುತ್ತಿತ್ತು.

ಅವತ್ತಿನಿಂದ ಮಗಳು ನನ್ನ ಜೊತೆ ಮಾತು ಬಿಟ್ಟಳು. ಹಾಕಿದ್ದನ್ನು ಗೋಡೆ ಕಡೆ ಮುಖ ಮಾಡಿ ಉಂಡು ಏಳುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ, ಹನುಮಪ್ಪನ ಮೇಲೆ ಸಿಟ್ಟಿತ್ತು. ಒಂದು ಬೊಟ್ಟು ಇಟ್ಟಿದ್ದಕ್ಕೆ ಇಷ್ಟು ಶಿಕ್ಷೆಯೇನಪ್ಪಾ ಎಂದು ಒಲೆ ಮುಂದೆ ಕೂತು ಕೇಳುತ್ತಿದ್ದೆ.

ಹೀಗೇ ಒಂದು ಶನಿವಾರ ಬಂತು. ಎಲ್ಲ ನೆಟ್ಟಗಿದ್ದರೆ ನಾವು ದ್ವೀಪದಲ್ಲಿ ಇರಬೇಕಾದ ದಿನ. ಗುಡ್ಡಕ್ಕೆ ಹೊರಟವಳು ಸುಮ್ಮನೆ ಕರೆದೆ, ಬರುತ್ತಾಳೆಂದು ನಂಬಿರಲಿಲ್ಲ. "ಬರ್ತೀನಿ," ಎಂದಳು. "ನಿಮ್ಮ ಹನುಮಪ್ಪಗ ಒಂದು ಮಾತು ಕೇಳೂದೈತಿ."

ಅರ್ಧ ಗುಡ್ಡ ಹತ್ತಿರಬಹುದು. ಮೆಟ್ಟಿಲ ಮೇಲೆ ಕೂತುಬಿಟ್ಟಳು, ಎದೆಗೆ ಕೈ ಒತ್ತಿ ಹಿಡಿದಿದ್ದಳು. ಶನಿವಾರದ ಉಪವಾಸ, ಖಾಲಿ ಹೊಟ್ಟೆಯ ವಾಯು ಎಂದುಕೊಂಡೆ.

"ಎದಿ ಚುಚ್ಚಾಕತ್ತೈತಿ ಅವ್ವಾ. ಉಸಿರು ಒಳಗ ಹೋಗವಲ್ದು."

ತುಟಿ ನೀಲಿಗಟ್ಟುತ್ತಿದ್ದವು. ಗುಡ್ಡ ಹತ್ತುತ್ತಿದ್ದ ಭಕ್ತರೇ ಒಂದು ಪಂಚೆ ಬಿಚ್ಚಿ ಜೋಳಿಗೆ ಮಾಡಿ ಅವಳನ್ನು ಕೆಳಗೆ ಹೊತ್ತು ತಂದರು. ಆಟೋದಲ್ಲಿ ಗಂಗಾವತಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕೊಪ್ಪಳ. ಆ ದಾರಿ ಯಾವ ವೈರಿಗೂ ಬೇಡ. ಮಗಳ ಮುಖದ ಮೇಲಿನ ಆಕ್ಸಿಜನ್ ಮುಖವಾಡ ಹಿಡಿದುಕೊಂಡು ಹನುಮಪ್ಪನಿಗೆ ಒಂದೇ ಮಾತು ಹೇಳುತ್ತಾ ಹೋದೆ: "ನನಗ ಸಮುದ್ರ ಬ್ಯಾಡ, ವಿಮಾನ ಬ್ಯಾಡ. ನೀ ಗಾಳಿ ದೇವರ ಮಗ. ನನ್ನ ಕೂಸಿಗೆ ಉಸಿರು ಕೊಡು."

ಕೊಪ್ಪಳದ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ಹೇಳಿದರು. ಶ್ವಾಸಕೋಶದ ತುದಿಯಲ್ಲಿ ಮೊದಲಿನಿಂದಲೂ ಒಂದು ಗುಳ್ಳೆ ಇತ್ತು, ಅದು ಒಡೆದು ಗಾಳಿ ಎದೆಯೊಳಗೆ ಸೋರಿದೆ, ಶ್ವಾಸಕೋಶ ಮುದುಡಿ ಕೂತಿದೆ. "ಉದ್ದಕ, ತೆಳ್ಳಗ ಇರೋರಿಗೆ ಒಮ್ಮೊಮ್ಮೆ ಹಿಂಗ ಆಗತೈತ್ರಿ. ಹೆದರಬ್ಯಾಡ್ರಿ, ನಳಿ ಹಾಕಿ ಗಾಳಿ ತಗೀತೀವಿ."

ಪಕ್ಕೆಗೆ ಒಂದು ನಳಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ನೀರಿನ ಬಾಟಲಿಯಲ್ಲಿ ಇಳಿಬಿಟ್ಟರು. ಸೋರಿದ ಗಾಳಿ ಗುಳುಗುಳು ಎಂದು ನೀರಿನಲ್ಲಿ ಗುಳ್ಳೆಯಾಗಿ ಬರತೊಡಗಿತು. ನಮ್ಮ ಮನೆಯವರು ಕುಷ್ಟಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದರು. ಬಾಗಿಲಲ್ಲೇ ಕೇಳಿದರು, "ಮಾತಾಡ್ತಾಳೇನು?" ನಾನು ಅವರನ್ನು ಮಂಚದ ಹತ್ತಿರ ಕರೆದುಕೊಂಡು ಹೋದೆ.

ಸಂಜೆಗೆ ತುಟಿಯ ಬಣ್ಣ ತಿರುಗಿತು. ಕಣ್ಣು ಬಿಟ್ಟು ಬಾಟಲಿ ಕಡೆ ನೋಡುತ್ತಾ ಮಲಗಿದ್ದಳು. ಆಮೇಲೆ ಅಷ್ಟು ದಿನದ ಮೇಲೆ ಸಿಟ್ಟಿಲ್ಲದ ದನಿಯಲ್ಲಿ ನನ್ನನ್ನು ಕರೆದಳು.

"ಅವ್ವಾ, ಗುಳ್ಳಿ ನೋಡು. ನನ್ನ ಡೈವಿಂಗ್ ಇಲ್ಲೇ ನಡದೈತಿ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಪಕ್ಕದಲ್ಲಿದ್ದ ಡಾಕ್ಟರಮ್ಮ ತಿರುಗಿ ನಿಂತರು. "ಡೈವಿಂಗ್? ಯಾರು ಮಾಡೋರಿದ್ರಿ?"

ದೀಪಾ ಎಲ್ಲ ಹೇಳಿದಳು. ಯಾವ ದ್ವೀಪ, ಯಾವಾಗ ಎಂದು ಅವರು ಕೇಳಿದರು. "ಈಗ ಅಲ್ಲೇ ಇರಬೇಕಿತ್ರಿ ಮೇಡಂ. ಇವತ್ತ ನೀರಿಗೆ ಇಳಿಯೂ ದಿನ."

ಅವರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. "ಇದು ನೀರಿನ ಕೆಳಗ ಒಡದಿದ್ರ, ಮ್ಯಾಲ ಬರೂವಾಗ ಒಳಗಿನ ಗಾಳಿ ಹಿಗ್ಗತೈತಿ. ನಿನ್ನ ಜೀವಂತ ದಂಡಿಗೆ ತರೂದು ಕಷ್ಟ ಇತ್ತವಾ. ಇನ್ನ ಈ ಜನ್ಮದಾಗ ಡೈವಿಂಗ್ ಮಾತು ತಗೀಬ್ಯಾಡ."

ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಮನೆಯವರಿಗೆ ಸುಮ್ಮನಿದ್ದು ರೂಢಿಯಿಲ್ಲ. "ಆ ಭಾಂಡೆ ತಿಕ್ಕೂ ನಾರು ಎಲ್ಲೈತಿ?" ಎಂದರು. "ಅದಕ್ಕೂ ಒಂದು ಕಾಯಿ ಒಡೀಬೇಕು." ದೀಪಾ ನಳಿಗೆ ಹಿಡಿದುಕೊಂಡು ನಕ್ಕಳು, ನೋವಿನಿಂದ ಮುಖ ಕಿವುಚಿದಳು, ಮತ್ತೆ ನಕ್ಕಳು. ಬಾಟಲಿಯಲ್ಲಿ ಒಮ್ಮೆಲೇ ಬಹಳ ಗುಳ್ಳೆ ಬಂದವು.

ಎಲ್ಲ ಗಾಳಿ ಹೊರಬಿದ್ದು ಬಾಟಲಿಯಲ್ಲಿ ಗುಳ್ಳೆ ನಿಂತ ಮೇಲೆ ನಳಿಗೆ ತೆಗೆದರು. ಮನೆಗೆ ಬಂದೆವು.

ಈ ವರ್ಷ ಬೇಸಿಗೆ ರಜೆಯಲ್ಲಿ, ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ ವಿಮಾನ ಹತ್ತಬಹುದು ಎಂದ ಮೇಲೆ, ಹೊಸ ಪಾಸ್‌ಪೋರ್ಟಿನಲ್ಲಿ ಹೋದೆವು. ಸುಮಾತ್ರಾ ಕಾಡಿನಲ್ಲಿ ಒರಾಂಗುಟಾನ್ ತಾಯಿಯೊಂದು ಮರಿಯನ್ನು ಎದೆಗೆ ಕಟ್ಟಿಕೊಂಡು ಕೊಂಬೆ ದಾಟುತ್ತಿತ್ತು, ಮೈಯೆಲ್ಲ ಸಿಂಧೂರದ ಬಣ್ಣ. ನಾನು ಅಲ್ಲೇ ಕೈಮುಗಿದೆ. ದಾರಿ ತೋರಿಸುವವನು ನಕ್ಕರೆ ನಗಲಿ.

ಆಮೇಲೆ ದ್ವೀಪ. ದೋಣಿಯಲ್ಲಿ ದೀಪಾ ಮತ್ತೊಮ್ಮೆ ಹೇಳಿದಳು, "ನಾ ಇಳಿಯಂಗಿಲ್ಲ. ನೀ ಹೊಳಿ ನೀರಾಗ ಬೆಳದಾಕಿ. ನೀ ನೋಡಿ ಬಂದು ನನಗ ಹೇಳು."

ಅಲ್ಲಿನ ಡಾಕ್ಟರು ನನ್ನ ಕಿವಿ, ಎದೆ ನೋಡಿ ಆಗಬಹುದು ಎಂದಿದ್ದರು. ರಬ್ಬರಿನ ಅಂಗಿಯೊಳಗೆ ನನ್ನನ್ನು ತುಂಬುವಾಗ ಚೀಲಕ್ಕೆ ಜೋಳ ತುರುಕಿದ ಹಾಗೆ ಆಯಿತು. ಕಲಿಸುವ ಹೆಣ್ಣುಮಗಳು ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದಳು. ಹೆದರಿ ಮೇಲೆ ನೋಡಿದೆ. ದೀಪಾ ಈಜುಕವಚ ತೊಟ್ಟು, ನೀರಿನ ಮೇಲೆ ಬೋರಲಾಗಿ ತೇಲುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ಬಿಟ್ಟ ಉಸಿರು ಗುಳ್ಳೆಯಾಗಿ ಅವಳ ಮುಖದ ಸುತ್ತ ಏರಿ ಹೋಗುತ್ತಿತ್ತು. ಆಗ ಹೆದರಿಕೆ ಬಿಟ್ಟಿತು.

ದೋಣಿ ಹತ್ತಿದ ಕೂಡಲೇ ಶುರು ಮಾಡಿದಳು. "ಏನ್ ನೋಡಿದಿ, ಹೇಳು."

"ಇಳಕಲ್ ಸೀರಿ ಸೆರಗಿನಂಥ ಪಟ್ಟಿ ಇದ್ದ ಮೀನ. ಕಿನ್ನಾಳ ಗೊಂಬಿ ಬಣ್ಣ ಬಳದಂಗ ಒಂದು, ಕಲ್ಲು ಕಡೀತಿತ್ತು."

"ಅದು ಗಿಳಿಮೀನ," ಎಂದಳು. "ಹವಳ ಕಡಿಯೂದು ನಿನಗ ಕೇಳಿಸ್ತೇನು?" ನಾನು ಹೇಳುತ್ತಾ ಹೋದೆ, ಅವಳು ಒಂದೊಂದಕ್ಕೂ ಹೆಸರು ಹೇಳುತ್ತಾ ಹೋದಳು. ಅವಳ ಕಣ್ಣಲ್ಲಿ ಯಾವ ಕೊರಗೂ ಇರಲಿಲ್ಲ. ಹನುಮಪ್ಪನಿಗೆ ದಾಟಿಸು ಎಂದು ಬೇಡಿದ್ದೆ, ಮುಳುಗಿಸು ಎಂದು ಬೇಡಿರಲಿಲ್ಲ. ಆತ ಬೇಡಿದ್ದನ್ನೇ ಕೊಟ್ಟ. ಕಾಕತಾಳೀಯ ಎನ್ನುವವರು ಅನ್ನಲಿ, ನನ್ನ ಮಗಳು ಉಸಿರಾಡುತ್ತಾಳೆ.

ಊರಿಗೆ ಮರಳಿದ ಮೇಲೆ ಬಂದ ಶನಿವಾರ ಹರಕೆ ಕಾಯಿ ಹಿಡಿದು, ಅಲ್ಲಲ್ಲಿ ಕೂತು ಕೂತು, ಇಬ್ಬರೂ ಗುಡ್ಡ ಹತ್ತಿದೆವು. ಕ್ಷೇಮವಾಗಿ ಹೋಗಿ ಬಂದದ್ದಕ್ಕೆ ಆತನ ಮುಂದೆ ಇಡೋಣ ಎಂದು ಸೆರಗಿನ ಗಂಟಿನಿಂದ ಅವಳ ಪಾಸ್‌ಪೋರ್ಟ್ ತೆಗೆದೆ. ಹುಟ್ಟುಗುಣ ಹೋಗುವುದಿಲ್ಲ ನೋಡಿ. ದೀಪಾ ಅದನ್ನು ಮೆತ್ತಗೆ ನನ್ನ ಕೈಯಿಂದ ತಗೊಂಡು ತನ್ನ ಚೀಲಕ್ಕೆ ಹಾಕಿದಳು. ತಾನೇ ಬಗ್ಗಿ ಹಣೆಗೆ ಸಿಂಧೂರ ಹಚ್ಚಿಸಿಕೊಂಡಳು.

"ಫೋಟೋ ಬ್ಯಾಡವ್ವಾ," ಎಂದಳು. "ಆತಗ ನನ್ನ ಮುಖ ಗೊತ್ತೈತಿ."