ಕಡ್ಲೆಕಾಯಿ ಸುಲಿಯುವಾಗ ನೋಡಿದ ಸಿನಿಮಾಗಳು

ಸಿನಿಮಾ ನೋಡಿ ಅಭಿಪ್ರಾಯ ಹೇಳುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು. ಚಿಕ್ಕಂದಿನಿಂದ ಹಾಗೇ. ಶಿರಾ ಪೇಟೆಯಲ್ಲಿ ಬೆಳೆದವಳು ನಾನು. ನಮ್ಮ ಬೀದಿಯಲ್ಲಿ ಯಾರು ಯಾವ ಸಿನಿಮಾ ನೋಡಿ ಬಂದರೂ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಅವರಿಗೇ ತಿಳಿಸಿಕೊಡುತ್ತಿದ್ದೆ. ಕೇಳಿದವರಿಗಿಂತ ಕೇಳದವರಿಗೇ ಜಾಸ್ತಿ ಹೇಳಿದ್ದೇನೆ. ಮದುವೆಯಾಗಿ ಮಿಡಿಗೇಶಿ ಹತ್ತಿರದ ಈ ಊರಿಗೆ ಬಂದ ಮೇಲೂ, ಮಧುಗಿರಿಯಲ್ಲಿ ಟೀಚರ್ ಕೆಲಸಕ್ಕೆ ಸೇರಿದ ಮೇಲೂ ಆ ಚಾಳಿ ಹೋಗಲಿಲ್ಲ. ಆದರೆ ಇಲ್ಲಿ ಕೇಳುವವರೇ ಇರಲಿಲ್ಲ. ಗಂಡ ನಿದ್ದೆ ಹೋಗುತ್ತಿದ್ದ. ಅತ್ತೆ "ಸಿನ್ಮಾನ ಏನ್ ತಿಂತೀಯಾ?" ಎಂದು ಎದ್ದು ಹೋಗುತ್ತಿದ್ದರು.

ಹೀಗಿದ್ದ ನಾನು ಸಿನಿಮಾವನ್ನೇ ನಂಬಿ ಮಾವನ ಎದುರು ಮಾತು ಕೊಟ್ಟೆ. ಅದು ಹೋದ ವರ್ಷದ ಬೇಸಿಗೆ ರಜೆಯಲ್ಲಿ.

ನಮ್ಮ ಹೊಲಕ್ಕೆ ಕಡ್ಲೆಕಾಯಿ. ತಿನ್ನುವ ಬೀಜವನ್ನು ಹೇಗೆ ಬೇಕಾದರೂ ಸುಲಿಯಿರಿ, ಬಿತ್ತುವ ಬೀಜವನ್ನು ಮಾತ್ರ ಕೈಯಲ್ಲೇ ಸುಲಿಯಬೇಕು ಎನ್ನುವುದು ನಮ್ಮ ಅತ್ತೆಯ ಹಟ. ಯಂತ್ರಕ್ಕೆ ಹಾಕಿದರೆ ಬೀಜ ಹೋಳಾಗುತ್ತದೆ, ಮೇಲಿನ ಕೆಂಪು ಸಿಪ್ಪೆ ತರಚುತ್ತದೆ, ಅಂಥ ಬೀಜ ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ ಅಷ್ಟೆ. ಒಂದು ಮನೆಯವರೇ ಕೂತು ಸುಲಿದರೆ ಮುಗಿಯುವ ಕೆಲಸ ಅಲ್ಲ. ಆದ್ದರಿಂದ ಮುಯ್ಯಾಳು ಪದ್ಧತಿ: ಇವತ್ತು ನೀವು ನಮ್ಮ ಮನೆಗೆ ಬಂದು ಸುಲಿಯಿರಿ, ನಾಳೆ ನಾವು ನಿಮ್ಮ ಮನೆಗೆ ಬರುತ್ತೇವೆ. ಆದರೆ ಒಂದೊಂದೇ ಮನೆ ಯಂತ್ರಕ್ಕೆ ಹೋಗುತ್ತಾ ಬಂದು, ಹೋದ ವರ್ಷ ಮುಯ್ಯಿಗೆ ಕರೆದರೆ ಬರುವ ಕೈಗಳೇ ಕಮ್ಮಿಯಾದವು. ಮೂಟೆಗಳು ಪಡಸಾಲೆಯಲ್ಲಿ ಗೋಡೆಗೆ ಒರಗಿಕೊಂಡು ಹಾಗೇ ಕೂತಿದ್ದವು. ಆಗಲೇ ಒಂದೆರಡು ಸಲ ಮೋಡ ಕಟ್ಟಿ ಚದುರಿತ್ತು.

"ಈ ಸಲ ಯಂತ್ರಕ್ಕೆ ಹಾಕ್ಬುಡಾನ," ಅಂದರು ಮಾವ. ಕೊರಟಗೆರೆ ಕಡೆಯ ಒಬ್ಬ ತನ್ನ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಸೋಮವಾರ ಬರುತ್ತೇನೆ, ಹಿಂದಿನ ದಿನ ಫೋನ್ ಮಾಡುತ್ತೇನೆ ಎಂದಿದ್ದನಂತೆ.

ಅತ್ತೆ ಮೊರ ಎತ್ತಿ ನೆಲಕ್ಕೆ ಕುಕ್ಕಿದರು. ಅವರು ಸಿಟ್ಟು ಬಂದಾಗ ಮಾತಾಡುವುದಿಲ್ಲ, ಪಾತ್ರೆ ಪಗಡ ಮಾತಾಡುತ್ತವೆ. ಬಿತ್ತನೆ ಬೀಜದ ಮೇಲೆ ಈ ಮನೆಯಲ್ಲಿ ಅವರದೇ ಯಜಮಾನಿಕೆ. ಅದೊಂದನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು?

"ಯಂತ್ರ ಬೇಡ ಮಾವ. ಜನ ನಾನು ಸೇರಿಸ್ತೀನಿ," ಅಂದುಬಿಟ್ಟೆ.

"ಹೆಂಗಮ್ಮ ಸೇರಿಸ್ತೀಯ?"

"ದಿನಾ ಮಧ್ಯಾಹ್ನ ಪಡಸಾಲೇಲಿ ಸಿನಿಮಾ ಹಾಕ್ತೀನಿ."

ಮಾವ ಜೋರಾಗಿ ನಕ್ಕರು. "ಭಾನುವಾರ ಸಾಯಂಕಾಲಕ್ಕೆ ಮೂಟೆ ಖಾಲಿ ಆಗ್ಲಿಲ್ಲ ಅಂದ್ರೆ ಯಂತ್ರ ಬತ್ತೈತೆ. ಆಮ್ಯಾಕೆ ಇಬ್ರೂ ಸುಮ್ಕಿರ್ಬೇಕು," ಎಂದು ಟವಲ್ ಕೊಡವಿ ಹೊರಟರು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಸಿನಿಮಾ ಹಾಕಿದರೆ ಕೈ ನಿಲ್ಲುತ್ತದೆ ಎಂಬುದು ಅವರ ಚಿಂತೆ. ನನಗೋ, ಒಳ್ಳೆಯ ಸಿನಿಮಾ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ.

ಒಳಗಿದ್ದ ಟೀವಿಯನ್ನು ಪಡಸಾಲೆಗೆ ತಂದು ಧಾನ್ಯದ ಡ್ರಮ್ಮಿನ ಮೇಲೆ ಇಟ್ಟೆವು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಮೊದಲ ದಿನವೇ ಪಡಸಾಲೆ ತುಂಬಿತು. ನಾನು ನನ್ನ ಮಟ್ಟಕ್ಕೆ ತಕ್ಕ ಹಾಗೆ, ಎಲ್ಲರೂ ಹೊಗಳಿದ್ದ ಒಂದು ಸಿನಿಮಾ ಆರಿಸಿದ್ದೆ. ಸಮುದ್ರದ ದಂಡೆಯಲ್ಲಿ ದೀಪ ಕಾಯುವ ಒಬ್ಬ ಮುದುಕ. ಮಾತು ಬಹಳ ಕಮ್ಮಿ. ಅಲೆ ಬರುತ್ತದೆ, ಹೋಗುತ್ತದೆ, ಮುದುಕ ನೋಡುತ್ತಾನೆ. ಆ ಮೌನದಲ್ಲಿ ಎಷ್ಟು ಅರ್ಥವಿದೆ ಎಂದು ನಾನು ವಿವರಿಸುತ್ತಿದ್ದೆ. ಪಕ್ಕದ ಮನೆಯ ಅಕ್ಕ, ಪಾವಗಡದ ತಿರುಮಣಿಯಿಂದ ಸೊಸೆಯಾಗಿ ಬಂದವಳು, ಆಕಳಿಸಿಕೊಂಡು "ಅಷ್ಟೊಂದ್ ನೀರು ಸುಮ್ನೆ ಐತಲ್ಲ ಕಣಮ್ಮ, ನಮ್ ಕೆರೆಗಾದ್ರೂ ಬುಡ್ಬಾರ್ದಾ?" ಅಂದಳು. ಅರ್ಧಕ್ಕೇ ಜನ ಹಸುವಿಗೆ ನೀರು, ಒಲೆಗೆ ಸೌದೆ ಎಂದು ನೆಪ ಹೇಳಿ ಎದ್ದರು. ಆ ಸಿನಿಮಾದ ಬಗ್ಗೆ ಈಗ ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೇ ಕೂತು ನೋಡಲು ಚೆನ್ನಾಗಿದೆ. ಕಡ್ಲೆಕಾಯಿಗೆ ಆಗಿ ಬರುವುದಿಲ್ಲ.

ಮಾರನೇ ದಿನ ತಾಯಿ ಮಗಳು ಅಗಲುವ ಕಥೆ ಹಾಕಿದೆ. ಯಾರೂ ಏಳಲಿಲ್ಲ, ಗೆದ್ದೆ ಅಂದುಕೊಂಡೆ. ಆದರೆ ಹೆಂಗಸರು ಪರದೆಯಿಂದ ಕಣ್ಣು ಕೀಳದೆ ಅಳುತ್ತಾ, ಸಿಪ್ಪೆಯನ್ನು ಬೀಜದ ಮೊರಕ್ಕೂ ಬೀಜವನ್ನು ಸಿಪ್ಪೆಯ ಗುಡ್ಡೆಗೂ ಹಾಕಿದ್ದರು! ನಾನೂ ಹಾಗೇ ಹಾಕಿದ್ದೆ. ಸಂಜೆ ಅತ್ತೆ ಬಗ್ಗಿ ಕೂತು ಸಿಪ್ಪೆಯ ಗುಡ್ಡೆಯಿಂದ ಒಂದೊಂದೇ ಬೀಜ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂರಲು ಹೋದರೆ "ಹೋಗು, ಅತ್ಕಂಡು ಬಾ ಇನ್ನೊಂದ್ ಸ್ವಲ್ಪ," ಅಂದರು. ಆಮೇಲೆ ನಗಿಸುವ ಸಿನಿಮಾ ಹಾಕಿದ ದಿನ ಇನ್ನೊಂದು ಫಜೀತಿ. ನಗುವ ಬಾಯಿಗೆ ಏನಾದರೂ ಬೇಕಲ್ಲ. ಸುಲಿದದ್ದರಲ್ಲಿ ಎಷ್ಟು ಮೊರಕ್ಕೆ ಬಿತ್ತೋ ಅಷ್ಟೇ ಹೊಟ್ಟೆಗೂ ಬಿತ್ತು. ದೆವ್ವದ ಸಿನಿಮಾ ಹಾಕಿದಾಗ ಎಲ್ಲರೂ ಬಿಸಿಲು ಇಳಿಯುವ ಮೊದಲೇ ಜೊತೆ ಕಟ್ಟಿಕೊಂಡು ಮನೆ ಸೇರಿದರು.

ಶನಿವಾರದ ಹೊತ್ತಿಗೆ ನನ್ನ ಜಂಬ ಅರ್ಧ ಇಳಿದಿತ್ತು. ಮೂಟೆಗಳಲ್ಲಿ ಅರ್ಧವೂ ಮುಗಿದಿರಲಿಲ್ಲ. ಮಾವ ದಿನಾ ಸಂಜೆ ಬಂದು ಮೂಟೆಗಳ ಮೇಲೆ ಕೈಯಾಡಿಸಿ, ಏನೂ ಹೇಳದೆ ಹೋಗುತ್ತಿದ್ದರು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ಆದರೆ ಅಷ್ಟು ದಿನದಲ್ಲಿ ಒಂದು ವಿಷಯ ನನ್ನ ತಲೆಗೆ ಹೋಗಿತ್ತು. ಸುಲಿಯುವವರಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಸಿನಿಮಾ ಅಲ್ಲ, ಕಿವಿಗೆ ಕೇಳುವ ಸಿನಿಮಾ. ಮಾತು ಜೋರಾಗಿರಬೇಕು, ಬೈಯಲು ಒಬ್ಬ ದುಷ್ಟ ಇರಬೇಕು. ಅವನ ಮೇಲೆ ಸಿಟ್ಟು ಬಂದಷ್ಟೂ ಬೆರಳು ಚುರುಕಾಗುತ್ತವೆ, ಸಿಪ್ಪೆ ಪಟಪಟ ಒಡೆಯುತ್ತದೆ. ಭಾನುವಾರ ಮಧ್ಯಾಹ್ನ ಚಾನೆಲ್ಲಿನಲ್ಲಿ ಅಂಥದ್ದೇ ಒಂದು ಬರುವುದಿತ್ತು. ನಾನು ಅದನ್ನು ಕೆಲವು ವಾರಗಳ ಹಿಂದೆ ನೋಡಿ, ಕೊನೆಗೆ ರಿಮೋಟನ್ನು ಸೋಫಾದ ಮೇಲೆ ಎಸೆದಿದ್ದೆ.

ಕಥೆ ಇಷ್ಟು. ಅಪ್ಪ ಸತ್ತ ಮೇಲೆ ಅವನ ಟೊಮೆಟೊ ಲಾರಿಯನ್ನು ಹಿರಿಮಗಳು ಓಡಿಸುತ್ತಾಳೆ. ಮಂಡಿ ಸಾಹುಕಾರನಿಗೆ ಅವಳ ತಂಗಿಯ ಮೇಲೆ ಕಣ್ಣು. ಹೆದರಿಸಿ ಬೆದರಿಸಿ ಮದುವೆ ಗೊತ್ತು ಮಾಡುತ್ತಾನೆ. ಅಕ್ಕ ಲಾರಿ ತೆಗೆದುಕೊಂಡು ಛತ್ರಕ್ಕೆ ನುಗ್ಗುತ್ತಾಳೆ. ಅಲ್ಲಿಯವರೆಗೆ ಸಿನಿಮಾ ಬಂಗಾರ. ಆಮೇಲೆ ಅಷ್ಟು ಹೊತ್ತೂ ಹಾಡು ಹೇಳಿಕೊಂಡಿದ್ದ ಅತ್ತೆಮಗ ಬೈಕಿನಲ್ಲಿ ಹಾರಿ ಬಂದು ಎಲ್ಲರನ್ನೂ ಹೊಡೆಯುತ್ತಾನೆ. ಅವಳು ಕಂಬಕ್ಕೆ ಒರಗಿ ಕಣ್ಣು ಒರೆಸಿಕೊಳ್ಳುತ್ತಾಳೆ. ಕೊನೆಗೆ ಲಾರಿ ಕೀ ಅವನ ಕೈಗೆ ಕೊಟ್ಟು, ತಾನು ಪಕ್ಕದ ಸೀಟಿಗೆ ಹತ್ತಿ ಕೂರುತ್ತಾಳೆ. ಇಡೀ ಸಿನಿಮಾ ಓಡಿಸಿದವಳಿಗೆ ಮನೆಗೆ ಹೋಗುವಾಗ ಓಡಿಸಲು ಬರುವುದಿಲ್ಲವೇ? ನನಗೆ ಮೈಯೆಲ್ಲ ಉರಿದಿತ್ತು.

ಭಾನುವಾರ ಹೆಂಗಸರು ಬಂದರು. ಅತ್ತೆ ಉಳಿದ ಮೂಟೆಗಳನ್ನೆಲ್ಲ ಒಟ್ಟಿಗೆ ಬಿಚ್ಚಿ ನಡುವೆ ರಾಶಿ ಸುರಿದರು. ಸಿನಿಮಾ ಶುರುವಾದದ್ದೇ ತಡ, ಸಾಹುಕಾರನಿಗೆ ಶಾಪ, ಕೈಗಳಿಗೆ ಓಟ. ರಾಶಿ ಕಣ್ಣೆದುರೇ ಕರಗತೊಡಗಿತು. ಅತ್ತೆಯ ಹಣೆಯ ಗಂಟು ಸಡಿಲವಾದದ್ದನ್ನು ನಾನು ಕಳ್ಳಗಣ್ಣಿನಲ್ಲಿ ನೋಡಿದೆ. ಲಾರಿ ಛತ್ರದ ಬಾಗಿಲಿಗೆ ಬಂದು ನಿಂತಿತು, ಸಾಹುಕಾರ ತಾಳಿ ಎತ್ತಿದ.

ಕರೆಂಟು ಹೋಯಿತು.

"ಥೂ ಇದ್ರ ಮನೆ ಹಾಳಾಗ!" ತಿರುಮಣಿ ಅಕ್ಕ ಕೈ ಕೊಡವಿದಳು. ಅವಳ ತವರಿನ ಹೊಲಗಳನ್ನೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. "ನಮ್ಮಪ್ಪನ ಹೊಲದ್ ತುಂಬ ಕರೆಂಟ್ ಬೆಳೀತಾವ್ರೆ, ಇಲ್ಲಿ ನಂಗೆ ಒಂದ್ ಸಿನ್ಮಾಕ್ಕೆ ಇಲ್ಲ ನೋಡು." ಎಲ್ಲರೂ ನಕ್ಕರು, ನಗುತ್ತಲೇ ಒಬ್ಬೊಬ್ಬರಾಗಿ ಮಡಿಲು ಕೊಡವಿದರು. ರಾಶಿ ಇನ್ನೂ ಮೊಣಕಾಲೆತ್ತರ ಇತ್ತು. ಅತ್ತೆ ಯಾರನ್ನೂ ತಡೆಯಲಿಲ್ಲ. ಒಬ್ಬರೇ ತಲೆ ತಗ್ಗಿಸಿ ಸುಲಿಯುತ್ತಾ ಕೂತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಎಲ್ಲಿಗ್ ಹೊರಟ್ರಿ? ಕೂತ್ಕೊಳ್ಳಿ," ಎಂದು ತರಗತಿಯ ದನಿಯಲ್ಲಿ ಕೂಗಿದೆ. "ನಾನು ಈ ಸಿನಿಮಾ ನೋಡಿದೀನಿ. ಮುಂದೇನಾಯ್ತು ಅಂತ ನಾನ್ ಹೇಳ್ತೀನಿ."

ಕೂತರು. ಎಲ್ಲರ ಕೈಗೂ ಕಾಯಿ ಬಂತು. ನಾನು ಬಾಯಿ ತೆರೆದೆ. ಅತ್ತೆಮಗ ಬೈಕಿನಲ್ಲಿ ಬಂದ ಎಂದು ಹೇಳಬೇಕಾದ ಜಾಗ ಬಂತು. ನಾಲಿಗೆ ಏಳಲೇ ಇಲ್ಲ. ಇವರ ಮುಂದೆ, ಇಷ್ಟು ಹೊತ್ತು ಆ ಹುಡುಗಿಗಾಗಿ ಸಾಹುಕಾರನಿಗೆ ಶಾಪ ಹಾಕಿದವರ ಮುಂದೆ, ಅವಳನ್ನು ಕಂಬಕ್ಕೆ ಒರಗಿಸಿ ಅಳಿಸುವುದೇ?

"ಅತ್ತೆಮಗ ಬೈಕ್ ಹತ್ತಿದ," ಅಂದೆ. "ಅರ್ಧ ದಾರೀಲಿ ಪಂಚರ್ ಆಯ್ತು."

"ಅಯ್ಯೋ! ಮುಂದೆ?"

ಮುಂದೆ ಏನು, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಎದೆಯಲ್ಲಿ ಎಂಥ ಹುರುಪು! ಅಕ್ಕ ಲಾರಿಯನ್ನು ಹಿಂದಕ್ಕೆ ತಿರುಗಿಸಿ ಛತ್ರದ ಬಾಗಿಲಿಗೆ ಟೊಮೆಟೊವೆಲ್ಲ ಸುರಿದಳು. ಓಡಲು ಹೋದ ಸಾಹುಕಾರನ ಆಳುಗಳು ಜಾರಿ ಬಿದ್ದರು. ಅಡುಗೆಮನೆಯ ಹೆಂಗಸರು ಸೌಟು ಹಿಡಿದು ಬಂದರು. ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ರಾಶಿಯ ಮೇಲೆಯೇ. ಕಾಯಿ ಮುಗಿಯುವವರೆಗೆ ಕಥೆ ಮುಗಿಸುವ ಹಾಗಿಲ್ಲ. ಪೊಲೀಸರನ್ನು ಕರೆಸಿದೆ, ಪಂಚಾಯ್ತಿ ಕೂರಿಸಿದೆ. ಸಾಲದೆ ಬಂದಾಗ ಸಾಹುಕಾರನ ತಾಯಿಯನ್ನೇ ಎಬ್ಬಿಸಿ ತಂದೆ. ಅವಳು ಪಂಚಾಯ್ತಿಯ ನಡುವೆ ಮಗನ ಕಪಾಳಕ್ಕೆ ಹೊಡೆದಳು. ಅತ್ತೆ ಆಗ ಮೊದಲ ಸಲ ತಲೆ ಎತ್ತಿ "ಇನ್ನೊಂದ್ ಹೊಡೀಬೇಕಿತ್ತು," ಅಂದರು. ಹೊಡೆಸಿದೆ.

ಅಷ್ಟರಲ್ಲಿ ಕರೆಂಟು ಬಂತು. ಚಾನೆಲ್ಲಿನವರು ಅಷ್ಟು ಹೊತ್ತೂ ಜಾಹೀರಾತು ಎಳೆದಿರಬೇಕು; ಟೀವಿ ತಾನೇ ಜೀವ ಹಿಡಿದು, ಪರದೆಯ ಮೇಲೆ ಅತ್ತೆಮಗ ಬೈಕ್ ಹಾರಿಸಿಕೊಂಡು ಛತ್ರದೊಳಗೆ ಬಂದ.

"ವೀಡೆಂದುಕು ವಚ್ಚಾಡು?" ತಿರುಮಣಿ ಅಕ್ಕ ರೇಗಿದಾಗ ತೆಲುಗೇ ಬರುವುದು. "ಇವ್ನ್ಯಾಕ್ ಬಂದ? ಇವ್ನ್ ಬೈಕು ಪಂಚರ್ ಆಗಿತ್ತಲ್ಲ!"

ಪರದೆಯಲ್ಲಿ ಅವನು ಹೊಡೆದ, ಅವಳು ಅತ್ತಳು. ಅವನು ಲಾರಿ ಕೀಗೆ ಕೈ ಚಾಚಿದ. ನಾನು ಸುಳ್ಳು ಹೇಳಿದ್ದು ಎಲ್ಲರಿಗೂ ತಿಳಿದುಹೋಗಿತ್ತು. ಅತ್ತೆ ಕೈಲಿದ್ದ ಕಾಯಿಯನ್ನು ಒಡೆದರು, ಬೀಜ ಮೊರಕ್ಕೆ ಹಾಕಿದರು, ಟೀವಿ ಕಡೆ ಗದ್ದ ಎತ್ತಿದರು.

"ಆರ್ಸು ಅದನ್ನ. ಏನೂ ಚೆನ್ನಾಗಿಲ್ಲ. ನೀನ್ ಹೇಳು."

ಆರಿಸಿದೆ. ನನ್ನ ಅಭಿಪ್ರಾಯವನ್ನು ಈ ಮನೆಯಲ್ಲಿ ಒಬ್ಬರು ಕೇಳಿ ಪಡೆದದ್ದು ಅದೇ ಮೊದಲು. ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡೆ. ತಂಗಿಯನ್ನು ಬಿಡಿಸಿಕೊಂಡು ಅಕ್ಕ ಲಾರಿಯತ್ತ ಬರುತ್ತಿದ್ದಳು.

ಹೊರಗೆ ಜಗುಲಿಯ ಮೇಲೆ ಮಾವನ ಫೋನು ಬಡಿದುಕೊಂಡಿತು. ಯಂತ್ರದವನು. ನಾನು ಮಾತು ನಿಲ್ಲಿಸಿದೆ, ಎಲ್ಲರ ಕೈಗಳೂ ನಿಂತವು. ರಾಶಿಯಲ್ಲಿ ಇನ್ನೊಂದು ಮೂಟೆಯಷ್ಟಾದರೂ ಉಳಿದಿತ್ತು, ಹೊತ್ತು ಇಳಿದಿತ್ತು.

"ನಾಳೆ ಬ್ಯಾಡ ಕಣಪ್ಪ," ಮಾವನ ದನಿ ಕೇಳಿಸಿತು. "ಮುಗೀತಾ ಬಂತು ನಮ್ದು. ಮಡುಗು ಫೋನು, ಇಲ್ಲಿ ಕತೆ ನಡೀತೈತೆ."

ಮಾವ ಒಳಗೆ ಬಂದರು. ಎಷ್ಟು ಹೊತ್ತಿನಿಂದ ಬಾಗಿಲ ಮರೆಯಲ್ಲಿ ಕೇಳುತ್ತಾ ಕೂತಿದ್ದರೋ. ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡರು. ಅತ್ತೆ ತುಸು ಸರಿದು ಜಾಗ ಬಿಟ್ಟರು.

"ಲಾರಿ ಕೀ ಈಗ ಯಾರ್ ಕೈಲೈತಮ್ಮ?" ಅಂದರು ಮಾವ.

"ಅವಳ ಕೈಯಲ್ಲೇ ಇದೆ ಮಾವ."

"ಅಂಗಾರೆ ಅಲ್ಲೇ ಇರ್ಲಿ. ಮುಂದಕ್ಕೇಳು."

ರಾಶಿ ಬರಿದಾಗಿ ಪಡಸಾಲೆಯ ನೆಲ ಕಾಣುವವರೆಗೂ ನಾನು ಆ ಹುಡುಗಿಯನ್ನು ಲಾರಿಯಿಂದ ಇಳಿಸಲಿಲ್ಲ.